ಆನ್‌ಲೈನ್ ಪಾರ್ಸೆಲ್‌ನಲ್ಲಿ ಸಾಮಾನು ಕಡಿಮೆ ಬಂದರೆ ಹಣ ವಾಪಸು ಪಡೆಯುವುದು ಹೇಗೆ?

ಆನ್‌ಲೈನಿನಲ್ಲಿ ತರಿಸಿದ ಮಿಕ್ಸಿಯ ಜಾರು ಒಡೆದು ಬಂದರೆ ಅದರ ಫೋಟೊ ತೆಗೆದು ಕಳುಹಿಸಬಹುದು. ಸೀರೆಯ ಬಣ್ಣ ಬೇರೆಯಾಗಿದ್ದರೆ ಅದನ್ನೂ ತೋರಿಸಬಹುದು. ಆದರೆ ಮೂರು ಜಾರು ಬರಬೇಕಾದಲ್ಲಿ ಎರಡೇ ಬಂದಿದ್ದರೆ, ಬಾರದ ಮೂರನೆಯ ಜಾರಿನ ಫೋಟೊ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಅಪೂರ್ಣವಾಗಿ ಬಂದ ಪಾರ್ಸೆಲ್‌ನ ದೂರು ಉಳಿದೆಲ್ಲ ದೂರುಗಳಿಗಿಂತ ಬಿಗಿಯಾಗುವುದು ಇಲ್ಲಿಯೇ. ಕಂಪನಿಯ ದಾಖಲೆಯಲ್ಲಿ ಪಾರ್ಸೆಲ್ ತಲುಪಿದೆ ಎಂದಿರುತ್ತದೆ, ಒಟಿಪಿ ಕೊಟ್ಟದ್ದೂ ದಾಖಲಾಗಿರುತ್ತದೆ. ಗ್ರಾಹಕರ ಬಳಿ ಇರುವುದು ಬರೀ ಮಾತು. ಕಾನೂನು ಗ್ರಾಹಕರ ಪರವಾಗಿಯೇ ಇದೆ, ಅದನ್ನು ಮುಂದೆ ವಿವರಿಸಿದೆ. ಆದರೂ ಹಣ ಬೇಗ ಬರುವುದೋ ತಿಂಗಳುಗಟ್ಟಲೆ ಎಳೆಯುವುದೋ ಎಂಬುದು ಬಹುಪಾಲು ತೀರ್ಮಾನವಾಗುವುದು ಪೆಟ್ಟಿಗೆಯ ಟೇಪು ಕತ್ತರಿಸುವ ಹೊತ್ತಿನಲ್ಲಿ ಏನನ್ನು ದಾಖಲು ಮಾಡಿಕೊಂಡಿದ್ದೀರಿ ಎಂಬುದರ ಮೇಲೆ.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ನಗರದಲ್ಲಿ ಇರುವವರ ಮನೆ ಬಾಗಿಲಿಗೇ ಪಾರ್ಸೆಲ್ ಬರುತ್ತದೆ. ಮೂಡಿಗೆರೆ, ಕೊಪ್ಪ, ಕಳಸ ಕಡೆಯ ಒಳಗಿನ ತೋಟದ ಮನೆಗಳಿಗಾದರೆ ಅನೇಕ ಸಲ ಡೆಲಿವರಿ ಹುಡುಗ ಪೇಟೆಯಿಂದಲೇ ಫೋನ್ ಮಾಡಿ, ಒಟಿಪಿ ಕೇಳಿ ಪಡೆದು, ಬಸ್ ನಿಲ್ಲುವ ಜಾಗದ ಅಂಗಡಿಯಲ್ಲಿ ಪೆಟ್ಟಿಗೆ ಇಟ್ಟು ಹೋಗುತ್ತಾನೆ. ಪೇಟೆಗೆ ಹೋಗುವವರು ಯಾರಾದರೂ ಅದನ್ನು ತಂದುಕೊಡುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. ಹಿಂತಿರುಗಿಸುವ ಅವಧಿ ಲೆಕ್ಕವಾಗುವುದು ಪೆಟ್ಟಿಗೆ ನಿಮ್ಮ ಕೈಸೇರಿದ ದಿನದಿಂದಲ್ಲ, ಒಟಿಪಿ ಕೊಟ್ಟ ದಿನದಿಂದ. ದೊಡ್ಡ ತಾಣಗಳಲ್ಲಿ ಅನೇಕ ಸಾಮಾನುಗಳಿಗೆ ಈ ಅವಧಿ 7 ಅಥವಾ 10 ದಿನ ಇರುತ್ತದೆ. ದಿನಸಿ, ತರಕಾರಿ, ಊಟದ ಪದಾರ್ಥಗಳಿಗೆ ಇನ್ನೂ ಬಹಳ ಕಡಿಮೆ. ಆದ್ದರಿಂದ ಅಂಗಡಿಯಲ್ಲಿ ಇಡಿಸುವ ರೂಢಿ ಇರುವವರು ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರುವುದು ಒಳ್ಳೆಯದು: “ಅಣ್ಣಾ, ನಮ್ಮ ಹೆಸರಿಗೆ ಪಾರ್ಸೆಲ್ ಬಂದ್ರೆ ಇಳಿಸ್ಕೊಂಡ ತಕ್ಷಣ ನಾಲ್ಕು ಕಡೆಯಿಂದ್ಲೂ ಒಂದೊಂದು ಫೋಟೊ ಹೊಡ್ದು ವಾಟ್ಸ್ಆಪ್ ಮಾಡಿ.” ಆ ಫೋಟೊಗಳಿಗೆ ಬೀಳುವ ದಿನಾಂಕ ಮತ್ತು ಸಮಯ, ಪೆಟ್ಟಿಗೆ ಅಂಗಡಿಗೆ ಬಂದಾಗಲೇ ಯಾವ ಸ್ಥಿತಿಯಲ್ಲಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ, ಅಂಗಡಿಯವರ ಮೇಲೆ ಯಾರೂ ಅನುಮಾನಪಡುವ ಪ್ರಸಂಗವೂ ಬರುವುದಿಲ್ಲ.

ಟೇಪು ಕತ್ತರಿಸುವ ಮೊದಲು

ಪೆಟ್ಟಿಗೆ ಕೈಗೆ ಬಂದೊಡನೆ ಮೊದಲು ಟೇಪನ್ನು ನೋಡಬೇಕು. ದೊಡ್ಡ ಕಂಪನಿಗಳ ಟೇಪಿನ ಮೇಲೆ ಸಾಮಾನ್ಯವಾಗಿ ಅವರದೇ ಹೆಸರು ಅಚ್ಚಾಗಿರುತ್ತದೆ. ಅದರ ಮೇಲೆ ಹೆಸರಿಲ್ಲದ ಕಂದು ಟೇಪು ಇನ್ನೊಂದು ಸುತ್ತು ಬಂದಿದ್ದರೆ, ಅಥವಾ ಟೇಪಿನ ಅಂಚಿಗೆ ರಟ್ಟಿನ ಮೇಲ್ಪದರ ಕಿತ್ತು ಅಂಟಿಕೊಂಡಿದ್ದರೆ, ದಾರಿಯಲ್ಲಿ ಎಲ್ಲೋ ಒಮ್ಮೆ ಪೆಟ್ಟಿಗೆ ತೆರೆದಿರುವ ಸಾಧ್ಯತೆ ಇದೆ. ಮಳೆಗಾಲದಲ್ಲಿ ಕಳವೇ ಆಗಿರಬೇಕೆಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಗೆ ಬರುವ ರಟ್ಟಿನ ಪೆಟ್ಟಿಗೆಗಳು ನೆನೆದು, ತಳದ ಮಡಿಕೆ ಬಿಚ್ಚಿಕೊಂಡು, ಸಣ್ಣ ಸಾಮಾನು ಅಲ್ಲಿಂದಲೇ ಜಾರಿ ಹೋಗುವುದುಂಟು. ಕಾರಣ ಯಾವುದೇ ಇರಲಿ, ಪೆಟ್ಟಿಗೆಯ ಆರೂ ಮುಖಗಳ ಫೋಟೊ ಮತ್ತು ಲೇಬಲ್ಲಿನ ಅಕ್ಷರ ಸ್ಪಷ್ಟವಾಗಿ ಓದಿಸುವ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕು. ಪಾರ್ಸೆಲ್ ಅಂಚೆಯಲ್ಲಿ ಬಂದಿದ್ದು, ಮೇಲ್ನೋಟಕ್ಕೇ ಹರಿದಂತೆ ಕಂಡರೆ, ಅದನ್ನು ಮನೆಗೆ ಒಯ್ಯದೆ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರರ ಎದುರಿನಲ್ಲೇ ತೆರೆದು ಪಡೆಯುತ್ತೇವೆಂದು ಕೇಳಿಕೊಳ್ಳಬೇಕು.

ಅನಂತರ ತೂಕ. ನನ್ನ ಮಟ್ಟಿಗೆ ಹೇಳುವುದಾದರೆ, ಬಾರದ ಸಾಮಾನಿಗೆ ತೂಕಕ್ಕಿಂತ ಗಟ್ಟಿಯಾದ ಸಾಕ್ಷಿ ಇಲ್ಲ, ಮತ್ತು ಅದನ್ನು ಬಹುತೇಕ ಯಾರೂ ಬಳಸುವುದಿಲ್ಲ. ಕಾಫಿ ತೋಟವಿರುವ ಮನೆಗಳಲ್ಲಿ ಹಣ್ಣು ತೂಗುವ ತಕ್ಕಡಿ ಇದ್ದೇ ಇರುತ್ತದೆ. ಇಲ್ಲದವರು ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಇಟ್ಟು ನೋಡಬಹುದು. ತೆರೆಯದ ಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು, ಅಂಕಿ ಮತ್ತು ಲೇಬಲ್ಲು ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆಯಿರಿ. ಅನೇಕ ಲೇಬಲ್ಲುಗಳ ಮೇಲೆ ಕಳುಹಿಸುವಾಗಿನ ತೂಕ ಅಚ್ಚಾಗಿರುತ್ತದೆ. ಲೇಬಲ್ಲಿಗಿಂತ ನಿಮ್ಮ ತಕ್ಕಡಿಯ ತೂಕ ಕಡಿಮೆ ಇದ್ದರೆ ಸಾಮಾನು ದಾರಿಯಲ್ಲಿ ಕಳೆದಿರಬಹುದು. ಎರಡೂ ಒಂದೇ ಆಗಿದ್ದು, ಸಾಮಾನು ಮಾತ್ರ ಕಡಿಮೆ ಇದ್ದರೆ, ಮಾರಾಟಗಾರರು ತುಂಬುವಾಗಲೇ ಬಿಟ್ಟಿದ್ದಾರೆ ಎಂದು ಊಹಿಸಬಹುದು. ಗ್ರಾಹಕರಿಗೆ ಎರಡರಲ್ಲೂ ಹಣ ಸಲ್ಲಬೇಕು, ಆದರೆ ಕಂಪನಿಯವರು ಎಲ್ಲಿ ಹುಡುಕಬೇಕೆಂಬುದು ಇದರಿಂದ ತಿಳಿಯುತ್ತದೆ, ದೂರು ಬೇಗ ಮುಂದೆ ಸಾಗುತ್ತದೆ.

ತೂಕದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊರಿಯರ್‌ನವರು ಕೆಲವೊಮ್ಮೆ ನಿಜವಾದ ತೂಕದ ಬದಲು ಗಾತ್ರದಿಂದ ಲೆಕ್ಕ ಹಾಕಿದ ತೂಕವನ್ನು ನಮೂದಿಸುತ್ತಾರೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ಗಳಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಆ ಅಂಕಿ ಬರುತ್ತದೆ. 50, 40, 30 ಸೆಂಟಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಬರೀ ದಿಂಬು ಇದ್ದರೂ ಈ ಲೆಕ್ಕದಲ್ಲಿ ಅದು 12 ಕಿಲೊ ಆಗುತ್ತದೆ. ಲೇಬಲ್ಲಿನ ಅಂಕಿ ಈ ಲೆಕ್ಕಕ್ಕೆ ಸರಿಹೊಂದುತ್ತಿದ್ದರೆ ಅದನ್ನು ಬಿಟ್ಟು, ಉತ್ಪನ್ನದ ಪುಟದಲ್ಲಿ ಕೊಟ್ಟಿರುವ ತೂಕದೊಡನೆ ಹೋಲಿಸಬೇಕು. ಇಲ್ಲದಿದ್ದರೆ ನಮ್ಮ ಸಾಕ್ಷಿಯೇ ನಮಗೆ ತಿರುಗಿಬೀಳುತ್ತದೆ.

ಆಮೇಲೆ ವಿಡಿಯೊ. ಇದನ್ನು ಹೇಗೆ ತೆಗೆಯಬೇಕೆಂದರೆ, ಮೊದಲು ಲೇಬಲ್ಲಿನ ಮೇಲಿನ ಆರ್ಡರ್ ಸಂಖ್ಯೆಯನ್ನು ಹತ್ತಿರದಿಂದ ತೋರಿಸಿ, ಬಳಿಕ ಟೇಪನ್ನು ಸುತ್ತಲೂ ತೋರಿಸಿ, ನಡುವೆ ಎಲ್ಲಿಯೂ ನಿಲ್ಲಿಸದೆ ಕತ್ತರಿಸಿ, ಒಳಗಿನದನ್ನು ಒಂದೊಂದಾಗಿ ಹೊರಗಿಟ್ಟು, ಕೊನೆಗೆ ಖಾಲಿ ಪೆಟ್ಟಿಗೆಯನ್ನು ಕ್ಯಾಮೆರಾದ ಎದುರು ಬೋರಲು ಹಾಕಬೇಕು. ಈ ಕೊನೆಯದನ್ನು ಜನ ಮರೆಯುತ್ತಾರೆ. ಒಳಗೆ ಇನ್ನೇನೂ ಉಳಿದಿಲ್ಲ ಎಂದು ತೋರಿಸುವುದು ಅದೊಂದೇ. ಗುಳ್ಳೆ ಪ್ಲಾಸ್ಟಿಕ್, ಕಾಗದದ ಉಂಡೆ, ಥರ್ಮಾಕೋಲ್‌ನ ಗುಳಿಗಳನ್ನೂ ಬಿಡಿಸಿ ತೋರಿಸಿ. ಕೆಲವು ಕಂಪನಿಗಳು ಥರ್ಮಾಕೋಲ್‌ನ ಕೆಳಗಡೆ ಇನ್ನೊಂದು ಅಂತಸ್ತು ಮಾಡಿ ಅಲ್ಲಿ ಸ್ಕ್ರೂ, ಸ್ಪ್ಯಾನರ್ ಇಟ್ಟಿರುತ್ತಾರೆ. ದೂರು ಕೊಟ್ಟ ಮೇಲೆ ಅವು ಸಿಕ್ಕರೆ ಮುಜುಗರ. ತೆಗೆದ ವಿಡಿಯೊವನ್ನು ಫೋನಿನಲ್ಲಿ ಇದ್ದಂತೆಯೇ ಉಳಿಸಿಕೊಳ್ಳಬೇಕು. ವಾಟ್ಸ್ಆಪ್‌ನಲ್ಲಿ ಕಳುಹಿಸಿ ಮರಳಿ ಪಡೆದ ವಿಡಿಯೊ ಕುಗ್ಗಿ ಮಸುಕಾಗುತ್ತದೆ, ತೆಗೆದ ಸಮಯದ ವಿವರವೂ ಅದರಲ್ಲಿ ಉಳಿಯದು.

ಟೇಪು, ಲೇಬಲ್ಲು, ರಟ್ಟು ಯಾವುದನ್ನೂ ಹಣ ಖಾತೆಗೆ ಬರುವವರೆಗೆ ಒಲೆಗೆ ಹಾಕಬಾರದು.

ಬರಬೇಕಾದದ್ದು ಏನೇನು ಎಂದು ಖಚಿತಪಡಿಸಿಕೊಳ್ಳುವುದು

ದೂರು ಕೊಡುವ ಮೊದಲು ಆ್ಯಪ್‌ನಲ್ಲಿ ಆರ್ಡರನ್ನು ಒಮ್ಮೆ ಪೂರ್ತಿ ತೆರೆದು ನೋಡಬೇಕು. ಒಂದೇ ಸಲಕ್ಕೆ ಹಣ ಕಟ್ಟಿದರೂ ಸಾಮಾನುಗಳು ಬೇರೆ ಬೇರೆ ಗೋದಾಮುಗಳಿಂದ, ಬೇರೆ ಬೇರೆ ಮಾರಾಟಗಾರರಿಂದ ಹೊರಡುವುದುಂಟು. ಒಂದು ಪೆಟ್ಟಿಗೆ ಬಂದಿದ್ದು ಇನ್ನೊಂದು ಹಾಸನದಲ್ಲೋ ಕಡೂರಿನಲ್ಲೋ ಇರಬಹುದು. ಹಾಗಿದ್ದರೆ ಆ್ಯಪ್‌ನಲ್ಲಿ ಪ್ರತಿ ಸಾಮಾನಿಗೂ ಬೇರೆ ಟ್ರ್ಯಾಕಿಂಗ್ ಸಂಖ್ಯೆ, ಬೇರೆ ಬಿಲ್ಲು ಕಾಣಿಸುತ್ತದೆ. ಎಲ್ಲವೂ ‘ತಲುಪಿದೆ’ ಎಂದು ತೋರಿಸುತ್ತಿದ್ದರೆ ಮಾತ್ರ ಅದು ಕೊರತೆ.

ಎರಡನೆಯದು, ಪೆಟ್ಟಿಗೆಯಲ್ಲಿ ಏನೇನು ಇರಬೇಕು ಎಂಬ ಪಟ್ಟಿ. ಉದಾಹರಣೆಗೆ ಹುಲ್ಲು ಹೊಡೆಯುವ ಬ್ರಷ್ ಕಟರನ್ನು ತೆಗೆದುಕೊಳ್ಳೋಣ. ಮಳೆ ಶುರುವಾಗುವ ಹೊತ್ತಿಗೆ ಮಲೆನಾಡಿನಲ್ಲಿ ಬಹಳಷ್ಟು ಮಂದಿ ತರಿಸುವ ಯಂತ್ರ ಇದು. ಪುಟದಲ್ಲಿ ಯಂತ್ರದ ಜೊತೆಗೆ ಭುಜದ ಬೆಲ್ಟ್, ಮೂರು ಹಲ್ಲಿನ ಬ್ಲೇಡ್, ನೈಲಾನ್ ದಾರದ ಹೆಡ್, ಸುರಕ್ಷತಾ ಗಾರ್ಡ್, ಪೆಟ್ರೋಲಿಗೆ ಆಯಿಲ್ ಬೆರೆಸುವ ಬಾಟಲಿ, ಸ್ಪ್ಯಾನರ್ ಎಂದು ಬರೆದಿರುತ್ತದೆ. ಬಿಲ್ಲಿನಲ್ಲಿ ಮಾತ್ರ ‘ಬ್ರಷ್ ಕಟರ್, 1’ ಎಂದಷ್ಟೇ ಇರುತ್ತದೆ. ಹಾಗಾಗಿ ಬಿಲ್ಲೊಂದನ್ನೇ ಹಿಡಿದು ಹೋದರೆ ‘ನೀವು ಖರೀದಿಸಿದ ಒಂದು ಯಂತ್ರ ಬಂದಿದೆಯಲ್ಲ’ ಎಂಬ ಉತ್ತರ ಸಿಗುತ್ತದೆ. ಪುಟದ ಆ ಪಟ್ಟಿಯ ಸ್ಕ್ರೀನ್‌ಶಾಟನ್ನು ತೆಗೆದಿಟ್ಟುಕೊಳ್ಳಬೇಕು, ಅದೂ ಅದೇ ದಿನ. ಏಕೆಂದರೆ ದೂರು ಬಂದ ನಂತರ ಪುಟವನ್ನು ತಿದ್ದಲು ಮಾರಾಟಗಾರರಿಗೆ ಹೆಚ್ಚು ಹೊತ್ತು ಬೇಕಾಗಿಲ್ಲ. ಯಂತ್ರದ ಪೆಟ್ಟಿಗೆಯ ಮೇಲೆಯೇ ಪಟ್ಟಿ ಅಚ್ಚಾಗಿದ್ದರೆ ಇನ್ನೂ ಒಳ್ಳೆಯದು. ಚಿತ್ರದಲ್ಲಿ ಕಾಣುವುದೆಲ್ಲ ಬರಬೇಕೆಂದೇನೂ ಇಲ್ಲ: ಚಿತ್ರದಲ್ಲಿರುವ ಕೈಗವಸು, ಕನ್ನಡಕ ಬರೀ ಅಲಂಕಾರಕ್ಕೆ ಇರಬಹುದು, ಪಟ್ಟಿಯಲ್ಲಿದ್ದರೆ ಮಾತ್ರ ಕೇಳಬಹುದು.

ದೂರು ಬರೆಯುವಾಗ

ಆ್ಯಪ್‌ನಲ್ಲಿ ಆ ಸಾಮಾನಿನ ಮೇಲೆಯೇ ಒತ್ತಿ ಹಿಂತಿರುಗಿಸುವ ಅಥವಾ ಸಹಾಯ ಕೇಳುವ ಆಯ್ಕೆಗೆ ಹೋದರೆ ಕಾರಣ ಕೇಳುತ್ತದೆ. ಇಲ್ಲಿ ‘ಸಾಮಾನು ಅಥವಾ ಭಾಗ ಬಂದಿಲ್ಲ’ ಎಂಬುದನ್ನೇ ಆರಿಸಬೇಕು. ಬೇಗ ಮುಗಿಯಲಿ ಎಂದು ‘ಬೇಡವಾಯಿತು’ ಎಂಬುದನ್ನು ಒತ್ತಿದರೆ, ತಪ್ಪು ಮಾರಾಟಗಾರರದು ಎಂಬ ಸಂಗತಿಯೇ ದಾಖಲೆಯಿಂದ ಹೊರಬೀಳುತ್ತದೆ. ಹಿಂತಿರುಗಿಸುವ ಖರ್ಚು ನಿಮ್ಮ ತಲೆಗೆ ಬರಬಹುದು, ಪೆಟ್ಟಿಗೆ ಅಪೂರ್ಣವಾಗಿದೆ ಎಂದು ನೀವು ಕಳುಹಿಸಿದ್ದನ್ನೇ ಅವರು ತಿರಸ್ಕರಿಸಲೂಬಹುದು.

ಫೋನಿನಲ್ಲಿ ಮಾತನಾಡುವುದಕ್ಕಿಂತ ಚಾಟ್ ಅಥವಾ ಇಮೇಲ್ ಮೇಲು. ತೋಟದ ನೆಟ್‌ವರ್ಕ್‌ನಲ್ಲಿ ಕಾಲ್ ನಡುವೆಯೇ ಕಡಿದುಹೋಗುತ್ತದೆ ಎಂಬುದು ಒಂದು ಕಾರಣವಾದರೆ, ಆ ಕಡೆಯವರು ‘ಎರಡು ದಿನದಲ್ಲಿ ಆಗುತ್ತದೆ ಸಾರ್’ ಎಂದದ್ದು ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ ಎಂಬುದು ಮುಖ್ಯ ಕಾರಣ. ಫೋನಿನಲ್ಲೇ ಮಾತನಾಡಬೇಕಾಗಿ ಬಂದರೆ, ಮಾತು ಮುಗಿದ ಮೇಲೆ ಅದರ ಸಾರವನ್ನು ಚಾಟ್‌ನಲ್ಲಿ ಬರೆದು ಹಾಕಿ. ದೂರಿನ ಸಂಖ್ಯೆಯನ್ನು ಕೇಳಿ ಪಡೆಯದೆ ಮುಗಿಸಬಾರದು. ಪ್ರತಿ ದೂರಿಗೂ ಸಂಖ್ಯೆ ಕೊಡುವುದು ಇಂಥ ತಾಣಗಳ ಕರ್ತವ್ಯವೆಂದು ನಿಯಮದಲ್ಲೇ ಇದೆ.

ಬರೆಯುವುದು ಹೆಚ್ಚು ಬೇಕಾಗಿಲ್ಲ, ಸಿಟ್ಟೂ ಬೇಕಾಗಿಲ್ಲ. ಈ ರೀತಿ ಇದ್ದರೆ ಸಾಕು:

“ಆರ್ಡರ್ ಸಂಖ್ಯೆ ಮೇಲ್ಕಂಡಂತೆ ಇದ್ದು, ಪಾರ್ಸೆಲ್ ಈ ತಿಂಗಳ 12ರಂದು ತಲುಪಿದೆ. ನಿಮ್ಮ ಪುಟದಲ್ಲಿ ನಮೂದಿಸಿದ ಸಾಮಾನುಗಳ ಪೈಕಿ ಸುರಕ್ಷತಾ ಗಾರ್ಡ್ ಒಂದು, ಭುಜದ ಬೆಲ್ಟ್ ಒಂದು ಪೆಟ್ಟಿಗೆಯಲ್ಲಿ ಇರಲಿಲ್ಲ. ಲೇಬಲ್ಲಿನ ಪ್ರಕಾರ ತೂಕ 9.8 ಕಿಲೊ, ತೆರೆಯುವ ಮೊದಲು ತೂಗಿದಾಗ 8.6 ಕಿಲೊ. ಫೋಟೊ, ತಡೆಯಿಲ್ಲದ ವಿಡಿಯೊ ಮತ್ತು ಪುಟದ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಗಾರ್ಡ್ ಇಲ್ಲದೆ ಯಂತ್ರವನ್ನು ಬಳಸುವುದು ಅಪಾಯಕರವಾದ್ದರಿಂದ, ಪೂರ್ತಿ ಯಂತ್ರವನ್ನು ವಾಪಸು ಪಡೆದು ಪೂರ್ತಿ ಹಣವನ್ನು ನಾನು ಪಾವತಿಸಿದ ಖಾತೆಗೇ ಹಿಂತಿರುಗಿಸಬೇಕೆಂದು ಕೋರುತ್ತೇನೆ.”

ಕೊನೆಯ ವಾಕ್ಯವನ್ನು ಬಿಡಬಾರದು. ಏನು ಬೇಕೆಂದು ಹೇಳದ ದೂರಿಗೆ ಕಂಪನಿ ತನಗೆ ಅಗ್ಗವಾದದ್ದನ್ನು ಕೊಡುತ್ತದೆ, ಅಂದರೆ ಬಹುತೇಕ ಮುಂದಿನ ಖರೀದಿಗೆ ಒಂದು ಕೂಪನ್.

ಏನು ಕೇಳಬೇಕು ಎಂಬುದು ಸಾಮಾನಿನ ಮೇಲೆ ಹೋಗುತ್ತದೆ. ಬಾರದ್ದು ಬಿಡಿಯಾಗಿ ಬೆಲೆ ಇರುವ ವಸ್ತುವಾದರೆ, ಅದರ ಹಣ ಮಾತ್ರ ಕೇಳುವುದು ನ್ಯಾಯ. ಆರು ಸ್ಟೀಲ್ ಡಬ್ಬಿಗಳಲ್ಲಿ ಒಂದು ಬಾರದಿದ್ದರೆ ಆರರ ಹಣ ಕೇಳಿ ಐದನ್ನು ಇಟ್ಟುಕೊಳ್ಳಲಾಗದು. ಬಾರದ ಭಾಗವಿಲ್ಲದೆ ಉಳಿದದ್ದು ಕೆಲಸಕ್ಕೆ ಬಾರದು ಎಂದಾದರೆ ಪೂರ್ತಿ ಹಣ ಕೇಳಬೇಕು. ಮೊತ್ತವನ್ನು ಎಂಆರ್‌ಪಿಯಿಂದಲ್ಲ, ನೀವು ಕೊಟ್ಟ ಬೆಲೆಯಿಂದ ಲೆಕ್ಕ ಹಾಕಬೇಕು. ಎಂಆರ್‌ಪಿ 900 ರೂಪಾಯಿ ಇದ್ದು, ರಿಯಾಯಿತಿ ಕಳೆದು ಬಿಲ್ಲಿನಲ್ಲಿ 600 ಬಿದ್ದಿದ್ದರೆ ನಿಮಗೆ ಬರಬೇಕಾದದ್ದು 600. ಮೂರು ಸಾಮಾನಿನ ಒಟ್ಟು ಬೆಲೆಯ ಮೇಲೆ ಕೂಪನ್ ಕಡಿತವಾಗಿದ್ದರೆ, ಕಂಪನಿಗಳು ಸಾಮಾನ್ಯವಾಗಿ ಅದನ್ನು ಮೂರಕ್ಕೂ ಹಂಚಿ ಲೆಕ್ಕ ಮಾಡುತ್ತವೆ. ಆದರೆ ‘ಒಂದು ಸಾಮಾನು ಕಡಿಮೆಯಾದ್ದರಿಂದ ಈಗ ನಿಮಗೆ ಕೂಪನ್ನೇ ಅನ್ವಯಿಸುವುದಿಲ್ಲ’ ಎಂದು ಇನ್ನಷ್ಟು ಕತ್ತರಿಸಿದರೆ ಒಪ್ಪಬೇಕಾಗಿಲ್ಲ. ಸಾಮಾನನ್ನು ಬೇಡವೆಂದು ಬಿಟ್ಟವರು ನೀವಲ್ಲ.

ಯಂತ್ರಗಳ ವಿಷಯದಲ್ಲಿ ಮತ್ತೊಂದು ಉತ್ತರ ಬರುತ್ತದೆ: ಬ್ರ್ಯಾಂಡಿನ ಸರ್ವಿಸ್ ಸೆಂಟರನ್ನು ಸಂಪರ್ಕಿಸಿ, ವಾರಂಟಿಯಲ್ಲಿ ಕೊಡುತ್ತಾರೆ, ಎಂದು. ವಾರಂಟಿ ಇರುವುದು ಬಂದ ವಸ್ತು ಕೆಟ್ಟರೆ. ಬಾರದೇ ಇದ್ದ ವಸ್ತುವಿಗೆ ವಾರಂಟಿ ಎಲ್ಲಿಂದ ಬರಬೇಕು? ಅದು ಮಾರಾಟಗಾರರ ಹೊಣೆ ಎಂದು ಬರೆದು, ಅದೇ ದೂರನ್ನು ಮುಂದುವರಿಸಬೇಕು. ಸರ್ವಿಸ್ ಸೆಂಟರ್ ಹುಡುಕಿಕೊಂಡು ಶಿವಮೊಗ್ಗಕ್ಕೋ ಮಂಗಳೂರಿಗೋ ಓಡಾಡುವಷ್ಟರಲ್ಲಿ ಹಿಂತಿರುಗಿಸುವ ಅವಧಿ ಮುಗಿದಿರುತ್ತದೆ.

ವಾಪಸು ಒಯ್ಯಲು ನಿಮ್ಮ ಪಿನ್‌ಕೋಡಿಗೆ ಯಾರೂ ಬರುವುದಿಲ್ಲ ಎಂದು ಹೇಳಿದರೆ, ನೀವೇ ಅಂಚೆಯಲ್ಲಿ ಕಳುಹಿಸಬೇಕಾಗುತ್ತದೆ. ಹಾಗೆ ಕಳುಹಿಸುವ ಮೊದಲು ಖರ್ಚನ್ನು ಯಾರು ಕೊಡುತ್ತಾರೆಂದು ಬರಹದಲ್ಲಿ ಕೇಳಿ ಪಡೆದು, ಕಳುಹಿಸುವ ಪೆಟ್ಟಿಗೆಯನ್ನೂ ತೂಗಿ, ತುಂಬುವುದನ್ನೂ ವಿಡಿಯೊ ಮಾಡಿ, ಅಂಚೆಯ ರಸೀದಿಯನ್ನು ಇಟ್ಟುಕೊಳ್ಳಿ. ಇಲ್ಲದಿದ್ದರೆ ಸಾಮಾನು ಕಡಿಮೆ ಕಳುಹಿಸಿದ್ದೀರಿ ಎಂದು ಅವರೇ ದೂರುವ ಸರದಿ ಬರುತ್ತದೆ.

ಡೆಲಿವರಿ ಹುಡುಗನ ಮೇಲೆ ಹರಿಹಾಯುವುದರಿಂದ ಏನೂ ಆಗುವುದಿಲ್ಲ. ಪೆಟ್ಟಿಗೆಯೊಳಗೆ ಏನಿದೆ ಎಂದು ಅವನಿಗೂ ಗೊತ್ತಿರುವುದಿಲ್ಲ, ಹಣ ಕೊಡಿಸುವ ಅಧಿಕಾರ ಅವನಿಗೆ ಇಲ್ಲ. ದುಬಾರಿ ಸಾಮಾನುಗಳಿಗೆ ಕೆಲವು ತಾಣಗಳು ಎದುರಿಗೇ ತೆರೆದು ತೋರಿಸುವ ‘ಓಪನ್ ಬಾಕ್ಸ್’ ಡೆಲಿವರಿ ಕೊಡುತ್ತವೆ. ಆಗ ಮಾತ್ರ ಎಲ್ಲವನ್ನೂ ನೋಡಿ ಮುಗಿಸುವವರೆಗೆ ಒಟಿಪಿ ಹೇಳಬಾರದು, ಕೊರತೆ ಕಂಡರೆ ಅಲ್ಲಿಯೇ ನಿರಾಕರಿಸಿ ವಾಪಸು ಕಳುಹಿಸಬೇಕು.

ಕಸ್ಟಮರ್ ಕೇರ್ ಹೆಸರಿನ ಮೋಸ

ಹಣ ವಾಪಸಿಗೆ ಕಾಯುತ್ತಿರುವವರನ್ನೇ ಗುರಿಯಾಗಿಸಿ ಮೋಸ ಮಾಡುವವರು ಇದ್ದಾರೆ. ಕಂಪನಿಯ ಸಹಾಯವಾಣಿ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಿದರೆ ಸಿಗುವ ಸಂಖ್ಯೆಗಳಲ್ಲಿ ಇಂಥವರು ಹಾಕಿದ್ದೂ ಸೇರಿರಬಹುದು. ಸಂಖ್ಯೆಯನ್ನು ಆ್ಯಪ್‌ನ ಒಳಗಿನಿಂದ ಅಥವಾ ಬಿಲ್ಲಿನಿಂದ ಮಾತ್ರ ತೆಗೆದುಕೊಳ್ಳಬೇಕು. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಪಿನ್ ಕೇಳಿದರೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದರೆ, ಫೋನಿನ ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಎಂದರೆ, ಆ ಕ್ಷಣವೇ ಕಾಲ್ ಇಟ್ಟುಬಿಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಮಾಡಿದರೆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಕಂಪನಿ ಒಪ್ಪದಿದ್ದರೆ

‘ಪರಿಶೀಲಿಸಿದ್ದೇವೆ, ಸಾಮಾನು ಪೂರ್ತಿಯಾಗಿ ತಲುಪಿದೆ’ ಎಂಬ ಒಂದು ಸಾಲಿನ ಉತ್ತರ ಬಂದಾಗ ಹೆಚ್ಚಿನವರು ಕೈಬಿಡುತ್ತಾರೆ. ಅಲ್ಲಿಂದ ಮುಂದಕ್ಕೆ ಕಾನೂನು ಶುರುವಾಗುತ್ತದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ, ಆನ್‌ಲೈನ್ ಖರೀದಿಯೂ ಅದರೊಳಗೆ ಬರುತ್ತದೆಂದು ಸ್ಪಷ್ಟವಾಗಿ ಹೇಳಿದೆ. ಆ ಕಾಯ್ದೆಯ ಪ್ರಕಾರ ಸರಕಿನ ದೋಷವೆಂದರೆ ಗುಣಮಟ್ಟದ ಕೊರತೆ ಮಾತ್ರವಲ್ಲ, ಪ್ರಮಾಣದ ಕೊರತೆಯೂ ಹೌದು. 2020ರ ಇ-ಕಾಮರ್ಸ್ ನಿಯಮಗಳು ಇನ್ನೂ ಮುಂದೆ ಹೋಗಿ, ದೋಷವುಳ್ಳ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇರದ ಸರಕನ್ನು ವಾಪಸು ಪಡೆಯಲು ಅಥವಾ ಹಣ ಹಿಂತಿರುಗಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು ವಿಧಿಸಿವೆ. ಪ್ರತಿ ತಾಣವೂ ಒಬ್ಬ ಗ್ರೀವನ್ಸ್ ಆಫೀಸರನ್ನು, ಅಂದರೆ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕದ ವಿವರವನ್ನು ತಾಣದಲ್ಲಿ ಪ್ರಕಟಿಸಿರಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಆದ್ದರಿಂದ ಎರಡನೆಯ ಹೆಜ್ಜೆ ಈ ಅಧಿಕಾರಿಗೆ ಇಮೇಲ್. ಅವರ ವಿಳಾಸ ಸಾಮಾನ್ಯವಾಗಿ ತಾಣದ ಕಟ್ಟಕಡೆಯಲ್ಲಿ, ಸಣ್ಣ ಅಕ್ಷರಗಳ ನಡುವೆ ಇರುತ್ತದೆ. ಮೊದಲಿನ ದೂರಿನ ಸಂಖ್ಯೆ, ಅದಕ್ಕೆ ಬಂದ ಉತ್ತರ, ಎಲ್ಲ ದಾಖಲೆ ಸೇರಿಸಿ, ಮೇಲಿನ ಎರಡು ಅವಧಿಗಳನ್ನು ಒಂದು ವಾಕ್ಯದಲ್ಲಿ ನೆನಪಿಸಿ ಕಳುಹಿಸಿದರೆ ಸಾಕು. ಸಾಮಾನ್ಯ ಚಾಟ್‌ನವರಿಂದ ಆಗದ ಕೆಲಸ ಎಷ್ಟೋ ಸಲ ಇಲ್ಲಿ ಆಗಿಬಿಡುತ್ತದೆ, ಏಕೆಂದರೆ ಅಲ್ಲಿ ಓದುವವರು ಬೇರೆ ಮಂದಿ.

ಇಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲಿಯೇ ಮಾತನಾಡಬಹುದು, ಅದರ ಜಾಲತಾಣದಲ್ಲೂ ಆ್ಯಪ್‌ನಲ್ಲೂ ದೂರು ದಾಖಲಿಸಬಹುದು, ಶುಲ್ಕವಿಲ್ಲ. ಅವರು ದೂರನ್ನು ಕಂಪನಿಗೆ ಕಳುಹಿಸಿ ಉತ್ತರ ತರಿಸುತ್ತಾರೆ. ಅದು ನ್ಯಾಯಾಲಯವಲ್ಲ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಕೆಲವು ನೂರು ರೂಪಾಯಿಗಳ ಸಾಮಾನಾದರೆ ಇಲ್ಲಿಯವರೆಗೆ ಹೋಗಿ ನೋಡುವುದು ಸಾಕೆಂದು ನನ್ನ ಅಭಿಪ್ರಾಯ. ಅದಕ್ಕಿಂತ ಮುಂದೆ ಹೋದರೆ ಬಸ್ಸಿನ ಖರ್ಚು ಮತ್ತು ಕಳೆದುಹೋಗುವ ದಿನಗಳ ಕೂಲಿಯೇ ಹೆಚ್ಚಾಗುತ್ತದೆ. ಕಾರ್ಡಿನಿಂದ ಹಣ ಕಟ್ಟಿದವರಿಗೆ ಇನ್ನೊಂದು ದಾರಿ ಇದೆ: ಸಾಮಾನು ಪೂರ್ತಿ ಬಂದಿಲ್ಲವೆಂದು ಕಾರ್ಡು ಕೊಟ್ಟ ಬ್ಯಾಂಕಿನಲ್ಲಿ ‘ಚಾರ್ಜ್‌ಬ್ಯಾಕ್’, ಅಂದರೆ ಕಟ್ಟಿದ ಹಣವನ್ನು ಬ್ಯಾಂಕಿನ ಮೂಲಕವೇ ವಾಪಸು ತರಿಸಿಕೊಡುವಂತೆ ಕೇಳಬಹುದು. ಅದಕ್ಕೂ ಗಡುವು ಇರುವುದರಿಂದ, ಕಂಪನಿಯ ಉತ್ತರಕ್ಕೆ ಅನಿರ್ದಿಷ್ಟವಾಗಿ ಕಾಯದೆ ಬ್ಯಾಂಕಿನವರನ್ನು ಬೇಗ ಕೇಳಬೇಕು. ಯುಪಿಐನಲ್ಲಿ ಕಾರ್ಡಿನಷ್ಟು ಅನುಕೂಲ ಇಲ್ಲ. ಸಾವಿರಾರು ರೂಪಾಯಿಯ ಖರೀದಿಗೆ ಕಾರ್ಡು ಬಳಸಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ದೊಡ್ಡ ಮೊತ್ತವಾದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಾಸನ ಜಿಲ್ಲೆಯವರಿಗೆ ಹಾಸನದಲ್ಲಿ ಇದೆ. ಹಿಂದಿನ 1986ರ ಕಾಯ್ದೆಯಲ್ಲಿ ಎದುರು ಪಕ್ಷದವರು ಎಲ್ಲಿ ವ್ಯವಹಾರ ನಡೆಸುತ್ತಾರೆ ಎಂಬುದರ ಸುತ್ತ ವಾದ ನಡೆಯುತ್ತಿತ್ತು. ಈಗಿನ ಕಾಯ್ದೆಯಲ್ಲಿ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ಕಳಸದವರು ಚಿಕ್ಕಮಗಳೂರಿಗೆ ಬಂದರೆ ಸಾಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ಜಿಲ್ಲಾ ಆಯೋಗ 50 ಲಕ್ಷದವರೆಗಿನ ಪ್ರಕರಣಗಳನ್ನು ನೋಡುತ್ತದೆ. ಕೊರತೆ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಬೇಕು. ‘ಇ-ಜಾಗೃತಿ’ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೊ ಮೂಲಕ ಹಾಜರಾಗಲು ಕೇಳಿಕೊಳ್ಳುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ. ವಕೀಲರು ಕಡ್ಡಾಯವಲ್ಲ. ಬರೆಯಲು ಸಹಾಯ ಬೇಕಾದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದಾಯ ನೋಡದೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ದೂರು ಸಲ್ಲಿಸುವ ಮೊದಲು ಕಂಪನಿಗೂ ಮಾರಾಟಗಾರರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸು ಕಳುಹಿಸಿ, 15 ದಿನ ಸಮಯ ಕೊಡುವುದು ಕಡ್ಡಾಯವಲ್ಲವಾದರೂ ಒಳ್ಳೆಯ ಕ್ರಮ. ಇಬ್ಬರನ್ನೂ ಎದುರು ಪಕ್ಷ ಮಾಡಬೇಕು. ಒಬ್ಬರನ್ನೇ ಮಾಡಿದರೆ ಅವರು ಮತ್ತೊಬ್ಬರ ಕಡೆಗೆ ಬೆರಳು ತೋರಿಸುತ್ತಾರೆ. ಮಾರಾಟಗಾರರ ಹೆಸರು, ವಿಳಾಸ ಬಿಲ್ಲಿನಲ್ಲಿ ಇರುತ್ತದೆ. ವಿಡಿಯೊ, ಫೋಟೊಗಳನ್ನು ಸಾಕ್ಷಿಯಾಗಿ ಕೊಡುವಾಗ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವನ್ನು, ಅಂದರೆ ಅವು ಯಾವ ಫೋನಿನಿಂದ ಬಂದವು ಎಂದು ದೃಢೀಕರಿಸುವ ಪತ್ರವನ್ನು, ಜೊತೆಗಿಡುವುದು ಕ್ಷೇಮ. ತೋಟಕ್ಕೆ ತರಿಸಿದ ಯಂತ್ರವಾದರೆ ‘ಇದು ವ್ಯಾಪಾರದ ಉದ್ದೇಶದ ಖರೀದಿ, ನೀವು ಗ್ರಾಹಕರೇ ಅಲ್ಲ’ ಎಂಬ ಆಕ್ಷೇಪ ಬರಬಹುದು. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಬಳಸುವ ಸರಕು ವ್ಯಾಪಾರದ ಉದ್ದೇಶದ್ದಲ್ಲ ಎಂದು ಕಾಯ್ದೆಯೇ ಹೇಳುವುದರಿಂದ, ಸಣ್ಣ ಬೆಳೆಗಾರರು ಆ ಸಂಗತಿಯನ್ನು ದೂರಿನಲ್ಲಿಯೇ ಮೊದಲು ಬರೆದುಬಿಡಬೇಕು.

ಪರೀಕ್ಷೆಗೆ ಕಳುಹಿಸುವ ಅಗತ್ಯವಿಲ್ಲದ ಪ್ರಕರಣಗಳನ್ನು, ಎದುರು ಪಕ್ಷಕ್ಕೆ ನೋಟಿಸು ತಲುಪಿದ 3 ತಿಂಗಳೊಳಗೆ ಮುಗಿಸಲು ಆಯೋಗ ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯಬಹುದು ಎಂದುಕೊಂಡೇ ಹೋಗಬೇಕು. ಹಣದ ಜೊತೆಗೆ ಬಡ್ಡಿ, ಪರಿಹಾರ, ಖರ್ಚನ್ನೂ ಕೇಳಬಹುದು, ಆದರೆ ಎರಡು ಸಾವಿರದ ಸಾಮಾನಿಗೆ ಎರಡು ಲಕ್ಷದ ಪರಿಹಾರ ಕೇಳಿದರೆ ದೂರಿನ ಗಾಂಭೀರ್ಯ ಹೋಗುತ್ತದೆ. ಆದೇಶವಾದ ಮೇಲೂ ಕಂಪನಿ ಕೊಡದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಬಹುದು. ಆದೇಶ ಪಾಲಿಸದವರಿಗೆ ಕನಿಷ್ಠ 1 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಹಣ ಖಾತೆಗೆ ಸೇರುವವರೆಗೆ

ಕಂಪನಿ ಒಪ್ಪಿದ ಮೇಲೂ ಕೆಲಸ ಮುಗಿದಿರುವುದಿಲ್ಲ. ಹಣ ಎಲ್ಲಿಗೆ ಬರುತ್ತದೆ ಎಂದು ಕೇಳಿಕೊಳ್ಳಬೇಕು. ಆ್ಯಪ್‌ನ ವ್ಯಾಲೆಟ್‌ಗೆ ಎಂಬುದು ಮೊದಲೇ ಟಿಕ್ ಆಗಿರಬಹುದು, ಅದನ್ನು ಬದಲಿಸಿ ಬ್ಯಾಂಕ್ ಖಾತೆಯನ್ನು ಆರಿಸಿ. ವ್ಯಾಲೆಟ್‌ನ ಹಣವನ್ನು ಮತ್ತೆ ಅದೇ ತಾಣದಲ್ಲಿಯೇ ಖರ್ಚು ಮಾಡಬೇಕಾದೀತು. ಸಾಮಾನು ಬಂದಾಗ ನಗದು ಕೊಟ್ಟವರು ಖಾತೆಯ ವಿವರವನ್ನು ಆ್ಯಪ್‌ನ ಒಳಗೇ ತುಂಬಬೇಕು, ಫೋನಿನಲ್ಲಿ ಯಾರಿಗೂ ಹೇಳಬಾರದು. ‘ಹಣ ಕಳುಹಿಸಿದ್ದೇವೆ’ ಎಂಬ ಸಂದೇಶ ಬಂದು ಏಳೆಂಟು ಕೆಲಸದ ದಿನಗಳಾದರೂ ಖಾತೆಯಲ್ಲಿ ಕಾಣದಿದ್ದರೆ, ಯುಪಿಐ ಆದಲ್ಲಿ ಯುಟಿಆರ್ ಸಂಖ್ಯೆಯನ್ನೂ ಕಾರ್ಡ್ ಆದಲ್ಲಿ ಎಆರ್‌ಎನ್ ಸಂಖ್ಯೆಯನ್ನೂ (ಎರಡೂ ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆಗಳು) ಕಂಪನಿಯಿಂದ ಕೇಳಿ ಪಡೆದು ಬ್ಯಾಂಕಿಗೆ ಕೊಡಬೇಕು. ಆ ಸಂಖ್ಯೆ ಇದ್ದರೆ ಹಣ ಎಲ್ಲಿ ನಿಂತಿದೆ ಎಂದು ಬ್ಯಾಂಕಿನವರು ಹುಡುಕಬಲ್ಲರು. ಸಂಖ್ಯೆಯನ್ನು ಕೊಡಲು ಕಂಪನಿ ಹಿಂದೆಮುಂದೆ ನೋಡಿದರೆ, ಹಣ ಅವರಿಂದ ಇನ್ನೂ ಹೊರಟೇ ಇಲ್ಲದಿರಬಹುದು. ಆಗ ಮುಚ್ಚಿದ ದೂರನ್ನು ಅದೇ ಸಂಖ್ಯೆಯಲ್ಲಿ ಮತ್ತೆ ತೆರೆಸಬೇಕು. ಕ್ರೆಡಿಟ್ ಕಾರ್ಡಿಗೆ ವಾಪಸಾದ ಹಣ ಉಳಿತಾಯ ಖಾತೆಗೆ ಬರುವುದಿಲ್ಲ, ಕಾರ್ಡಿನ ಲೆಕ್ಕದಲ್ಲೇ ಜಮೆಯಾಗಿರುತ್ತದೆ. ಮುಂದಿನ ತಿಂಗಳ ಬಿಲ್ಲಿನಲ್ಲಿ ಅದನ್ನು ಹುಡುಕಿ ನೋಡಬೇಕು.